ಹೇಮಕ್ಕ ತೊಳೆದ ಸಿಂಧೂರ

ನನಗೆ ಬಾಯಿ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನೀವು ಹೇಳುವುದು ಬೇಡ. 'ನಮ್ಮ ಸುಚಿತ್ರಾ ಬಾಯಿ ಮುಚ್ಚಿದಳು ಅಂದರೆ ಏನೋ ಗ್ರಹಚಾರ ಕಾದಿದೆ' ಎಂದು ರಿಪ್ಪನ್‌ಪೇಟೆಯ ನಮ್ಮ ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಸಾಗರದ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. 'ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಹಾಂ ಬಿಡಿ' ಎಂದು ಕೂಗಿ ಕೂಗಿ ಗಂಟಲು ಗರಗಸವಾಗಿದೆ. ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ನಮ್ಮಲ್ಲಿ ಆಯಾ ಕೆಲಸ ಮಾಡುವ ಹೇಮಾವತಿಯದು. ನಾನು ಅವಳನ್ನು ಹೇಮಕ್ಕ ಎನ್ನುತ್ತೇನೆ. ಬರೆಯಲು ಕೂತದ್ದು ಮೊನ್ನೆ ಅವಳು ಕೇಳಿದ ಒಂದು ಪ್ರಶ್ನೆಯಿಂದ.

ಹೇಮಕ್ಕ ಬ್ಯಾಕೋಡಿನವಳು. ಶರಾವತಿ ಹಿನ್ನೀರಿನ ಆಚೆ ದಡ, ಆಗೆಲ್ಲ ಲಾಂಚ್ ಎಂಬ ದೊಡ್ಡ ದೋಣಿಯಲ್ಲೇ ದಾಟಬೇಕಿತ್ತು. ಗಂಡ ದುಗ್ಗಪ್ಪ ಊರಲ್ಲಿದ್ದ ತುಂಡು ಗದ್ದೆ ನೋಡಿಕೊಂಡು ತನ್ನ ತಾಯಿ ಕೆರಿಯಮ್ಮನ ಜೊತೆ ಇದ್ದ. ಇವಳು ಇದ್ದೊಬ್ಬ ಮಗಳು ಆಶಾಳನ್ನು ಓದಿಸಲು ಸಾಗರಕ್ಕೆ ಬಂದು ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ನಮ್ಮ ಸೆಂಟರಿಗೆ ಸೇರಿದ್ದು ನೆಲ ಒರೆಸಲು. ಅವಳು ಸೇರಿದ ಹೊಸತರಲ್ಲೇ ಹೊಸನಗರದ ಕಡೆಯ ಹೆಂಗಸೊಬ್ಬಳು ಎದೆಯ ಎಕ್ಸ್‌ರೇಗೆ ಬಂದಳು. ತಾಳಿ ತೆಗೀರಿ ಎಂದೆ.

"ಕತ್ತು ಬೇಕಾದ್ರೆ ತೆಗೀರಿ, ತಾಳಿ ಮಾತ್ರ ತೆಗ್ಯಲ್ಲ" ಎಂದಳು ಆ ಮಹಾತಾಯಿ.

ಚಿನ್ನ ಕಿರಣವನ್ನು ತಡೆಯುತ್ತದಮ್ಮ, ಪರದೆ ಮೇಲೆ ಬೆಳ್ಳಗೆ ಕೂತುಕೊಂಡು ಹಿಂದೆ ಏನಿದೆಯೋ ಅದನ್ನು ಮುಚ್ಚಿಬಿಡುತ್ತದೆ ಎಂದು ನಾನು ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾನು ಕೂಗಿದೆ. ಅವಳೂ ಕೂಗಿದಳು. ಹೊರಗೆ ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತು ತಮಾಷೆ ನೋಡತೊಡಗಿದರು. ಅಷ್ಟರಲ್ಲಿ ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಎದುರು ಅಂಗಡಿಗೆ ಓಡಿದ ಹೇಮಕ್ಕ ಒಂದು ಅರಿಶಿನ ಕೊಂಬು ತಂದಳು. ಬಿಳಿ ದಾರಕ್ಕೆ ಅರಿಶಿನ ಸವರಿ, ಕೊಂಬು ಕಟ್ಟಿ, ಹೆಂಗಸಿನ ಕೊರಳಿಗೆ ಹಾಕಿದಳು.

"ತಗ ತಂಗಿ. ತಾಳಿ ಬದ್ಲಿಗೆ ಇದು ಆಗ್ತದೆ ಅಂತ ನಮ್ಮ ಹಿರೇರೇ ಹೇಳಿದ್ದು. ಈಗ ಅದನ್ನ ತೆಗ್ದು ನಿನ್ನ ಕೈಯಾಗೇ ಹಿಡ್ಕ. ಯಾರೂ ಕಿತ್ಕಳಲ್ಲ."

ಹೆಂಗಸು ತಾನೇ ತಾಳಿ ತೆಗೆದಳು. ಒಣ ಬೇರು ಕಿರಣವನ್ನು ಅಷ್ಟಾಗಿ ತಡೆಯುವುದೂ ಇಲ್ಲ, ಎತ್ತಿ ಭುಜದ ಹಿಂದಕ್ಕೆ ಹಾಕಿದರೆ ಮುಗಿಯಿತು. ಅವತ್ತಿನಿಂದ ನಮ್ಮ ಎಕ್ಸ್‌ರೇ ಕೋಣೆಯ ಕಿಟಕಿಯಲ್ಲಿ ಒಂದು ಬಿಸ್ಕೆಟ್ ಡಬ್ಬಿ ಬಂದು ಕೂತಿತು, ಅದರ ತುಂಬ ದಾರ ಕಟ್ಟಿದ ಅರಿಶಿನ ಕೊಂಬು. ನಮ್ಮ ಡಾಕ್ಟರ್ ವಿನೋದ್ ಅದನ್ನು ಕಂಡು ನಕ್ಕರು. ನೆಲ ಒರೆಸಲು ಬೇರೆಯವರನ್ನು ಇಟ್ಟು, ರೋಗಿಗಳನ್ನು ತಯಾರು ಮಾಡಿ ಒಳಗೆ ಕಳಿಸುವ ಕೆಲಸವನ್ನು ಹೇಮಕ್ಕನಿಗೆ ಕೊಟ್ಟರು.

ಕೆಲಸ ಸಿಕ್ಕಿದ ಮೇಲೆ ಶುರುವಾಯಿತು ನೋಡಿ ಅವಳ ಪ್ರಶ್ನೆಗಳು. "ಈ ಕಿರಣ ಅಂದ್ರೆ ಎಂತ ಸುಚಿತ್ರಮ್ಮ? ಕಾಣಲ್ಲ, ತಾಗಲ್ಲ, ಒಳಗೆ ಹೆಂಗೆ ಹೋಗ್ತದೆ?" ನಾನು ದೀಪದ ಮುಂದೆ ಕೈ ಹಿಡಿದು ಗೋಡೆ ಮೇಲೆ ನೆರಳು ತೋರಿಸಿದೆ. ಈ ದೀಪದ ಬೆಳಕು ಕೈಯನ್ನು ದಾಟುವುದಿಲ್ಲ, ಎಕ್ಸ್‌ರೇ ಅನ್ನುವ ಬೆಳಕು ಮಾಂಸವನ್ನು ದಾಟಿಬಿಡುತ್ತದೆ. ಮೂಳೆಯ ಹತ್ತಿರ ಬಹಳಷ್ಟು ನಿಂತುಹೋಗುತ್ತದೆ. ದಾಟಿ ಬಂದು ಹಿಂದೆ ಇಟ್ಟ ಪ್ಲೇಟಿಗೆ ಬಿದ್ದ ಜಾಗ ಕಪ್ಪು, ತಡೆದು ನಿಂತ ಜಾಗ ಬಿಳಿ. ಶ್ವಾಸಕೋಶದಲ್ಲಿ ಗಾಳಿ ತುಂಬಿರುವುದರಿಂದ ಎರಡು ಪಕ್ಕ ಕಪ್ಪು, ನಡುವೆ ರಕ್ತ ತುಂಬಿದ ಹೃದಯ ಬಿಳಿ.

"ಹಂಗಾದ್ರೆ ಇದು ಫೋಟೋ ಅಲ್ಲ, ನೆರಳು" ಎಂದಳು.

ಅದೇ ಸರಿ ಹೇಮಕ್ಕ, ನೆರಳೇ ಎಂದೆ. ಆಮೇಲೆ ಬಂದವರಿಗೆಲ್ಲ ಅವಳು ಧೈರ್ಯ ಹೇಳಿದ್ದೇ ಹೇಳಿದ್ದು: "ಹೆದ್ರಬೇಡಿ, ನಿಮ್ಮ ನೆರಳು ತೆಗೀತಾರೆ ಅಷ್ಟೇ." ಮೇಗರವಳ್ಳಿ ಕಡೆಯ ಮುದುಕನೊಬ್ಬ ಇದನ್ನು ಕೇಳಿ ಹೌಹಾರಿ, ನೆರಳು ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಪಂಚೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ. ಹೇಮಕ್ಕ ಹಿಂದೆಯೇ ಓಡಿ ಕರೆತಂದಳು. ಕರೆತಂದ ಮೇಲೆ ಆ ಪುಣ್ಯಾತ್ಮ ಉಸಿರು ಹಿಡಿ ಎಂದರೆ ಹಿಡಿದ, ಬಿಡು ಎಂದರೆ ಕೇಳಿಸಲೇ ಇಲ್ಲ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. "ಬಿಡಾ ಅಜ್ಜಾ, ಉಸ್ರು ಬಿಡಾ!" ಎಂದು ಬೆನ್ನಿಗೆ ಗುದ್ದಿದಳು ಹೇಮಕ್ಕ. ಅವತ್ತು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಅಲ್ಟ್ರಾಸೌಂಡ್‌ನಲ್ಲಿ ಕಿರಣವೇ ಇಲ್ಲ, ಬರೀ ಶಬ್ದ, ನಮ್ಮ ಕಿವಿಗೆ ಕೇಳದಷ್ಟು ಸಣ್ಣ ಕೀರಲು ಶಬ್ದ, ಅದು ಒಳಗೆ ಬಡಿದು ತಿರುಗಿ ಬಂದದ್ದನ್ನು ಕಂಪ್ಯೂಟರು ಚಿತ್ರ ಮಾಡುತ್ತದೆ ಎಂದಾಗ ಅವಳಿಗೆ ತಟ್ಟನೆ ಅರ್ಥವಾಯಿತು. "ನಮ್ಮ ಲಾಂಚಿನ ಹಾರ್ನು ಆಚೆ ಗುಡ್ಡಕ್ಕೆ ಬಡ್ದು ವಾಪಸ್ ಬರ್ತದಲ್ಲ, ಹಂಗೆ. ದಡ ದೂರ ಇದ್ರೆ ತಡವಾಗಿ ಬರ್ತದೆ." ಸಿ.ಟಿ. ಸ್ಕ್ಯಾನಿಗೆ ಅವಳದ್ದೇ ಇನ್ನೊಂದು ಹೋಲಿಕೆ. ಎಕ್ಸ್‌ರೇ ಕೊಳವೆ ಮೈಯ ಸುತ್ತ ಗಿರಗಿರ ತಿರುಗುತ್ತ ಎಲ್ಲ ಕಡೆಯಿಂದ ನೆರಳು ತೆಗೆಯುತ್ತದೆ, ಕಂಪ್ಯೂಟರು ಅದನ್ನೆಲ್ಲ ಸೇರಿಸಿ ಮೈಯನ್ನು ಬಿಲ್ಲೆ ಬಿಲ್ಲೆಯಾಗಿ ತೋರಿಸುತ್ತದೆ. "ಬಾಳೆದಿಂಡು ಹೆಚ್ಚಿ ಒಂದೊಂದೇ ಬಿಲ್ಲೆ ಎತ್ತಿ ನೋಡ್ದಂಗೆ" ಎಂದಳು. ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಪಾಠ ಹೇಳುವಾಗ ನಾನೂ ಈಗ ಬಾಳೆದಿಂಡು ಎಂದೇ ಹೇಳುತ್ತೇನೆ.

ಆದರೆ ನೆರಳಿಗೆ ಒಂದು ದೊಡ್ಡ ದೋಷವಿದೆ. ಅದನ್ನೂ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಮುಂದೆ ಇರುವುದು, ಹಿಂದೆ ಇರುವುದು, ಮೈ ಮೇಲಿರುವುದು, ಮೈ ಒಳಗಿರುವುದು, ಎಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗುತ್ತದೆ. ರವಿಕೆಯ ಬೆನ್ನಿನ ಹುಕ್ಕು ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ಕೊರಳಿನ ತಾಯಿತ ಗಂಟಲಲ್ಲಿ ಕೂತ ಹಾಗೆ ಕಾಣುತ್ತದೆ. ನಾಟಿ ಔಷಧಿ ಬಳಿದುಕೊಂಡು ಬಂದವರ ಎದೆಯಲ್ಲಿ ಇಲ್ಲದ ಕಾಯಿಲೆ ಕಂಡದ್ದೂ ಇದೆ. ಇದನ್ನೆಲ್ಲ ನೋಡಿ ನೋಡಿ ಹೇಮಕ್ಕ ಪ್ರತಿಯೊಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದಳು: "ಮೈ ಮೇಲೆ ಎಂತಾದ್ರೂ ಹಚ್ಚಿದೀರಾ?" ಒದ್ದೆ ಬಟ್ಟೆ ಸದಾ ಅವಳ ಕೈಯಲ್ಲೇ ಇರುತ್ತಿತ್ತು.

ಆಶಾ ಓದು ಮುಗಿಸಿ ಸಾಗರದಲ್ಲೇ ಒಂದು ಫೋಟೋ ಸ್ಟುಡಿಯೋ ಸೇರಿದ್ದಳು. ಕಂಪ್ಯೂಟರಿನಲ್ಲಿ ಮದುವೆ ಫೋಟೋ ಚೆಂದ ಮಾಡುವ ಕೆಲಸ. ಮದುಮಗಳ ಮೊಡವೆ ಅಳಿಸುವುದು, ಮದುಮಗನ ಬೋಳು ತಲೆಗೆ ಕೂದಲು ತರುವುದು, ಊಟದ ಪಂಕ್ತಿಯಲ್ಲಿ ಬಾಯಿ ತೆರೆದವರ ಬಾಯಿ ಮುಚ್ಚುವುದು. ಸಂಜೆ ಅಮ್ಮನನ್ನು ಕರೆದುಕೊಂಡು ಹೋಗಲು ಸೆಂಟರಿಗೆ ಬಂದರೆ ನನ್ನನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಆಂಟಿ, ನಿಮ್ದೆಂತ ಫೋಟೋ? ಎಲ್ರೂ ಒಂದೇ ಥರ ಕಾಣ್ತಾರೆ. ನಮ್ಮಲ್ಲಿಗೆ ಕಳ್ಸಿ, ಚೂರು ಬ್ಯೂಟಿ ಮಾಡಿ ಕೊಡ್ತೀನಿ."

"ಆಂಟಿ ಅಂದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ. ಅಕ್ಕ ಅನ್ನು."

"ಆಯ್ತು ಅಕ್ಕಾಂಟಿ."

ಅಂಥ ಹುಡುಗಿ. ಸಣ್ಣ ಮೈ, ದೊಡ್ಡ ನಗು. ಅವಳು ಒಳಗೆ ಕಾಲಿಟ್ಟರೆ ಕಾದು ಕೂತ ರೋಗಿಗಳೂ ಮುಖ ಎತ್ತಿ ನೋಡುತ್ತಿದ್ದರು.

ಹಿನ್ನೀರಿಗೆ ಸೇತುವೆ ಆದ ವರ್ಷ, ದೀಪಾವಳಿಗೆ ಮುಂಚೆಯೇ ಅವಳಿಗೆ ಕೆಮ್ಮು ಹಿಡಿಯಿತು. ಬಿಡಲಿಲ್ಲ. ಸ್ಟುಡಿಯೋ ಮೆಟ್ಟಿಲು ಹತ್ತಿದರೆ ಏದುಸಿರು, ಎದೆಯ ನಡುವೆ ಭಾರ. ಒಂದು ಎಕ್ಸ್‌ರೇ ತೆಗೆಯೋಣ ಬಾರೇ ಎಂದರೆ, "ನಿಮ್ ಸೆಂಟರಿನ ಗಾಳಿಗೇ ನಂಗೆ ಕೆಮ್ಮು" ಎಂದು ಜಾರಿಕೊಂಡಳು. ಹಬ್ಬಕ್ಕೆ ಊರಿಗೆ ಹೋದವಳನ್ನು ಅಜ್ಜಿ ಕೆರಿಯಮ್ಮ ಹಿಡಿದು ಕೂರಿಸಿದಳು. ಮನೆ ಹಿಂದಿನ ಮರದಡಿ ಚೌಡಿ ಕಲ್ಲಿದೆ, ಮನೆ ಕಾಯುವ ದೇವತೆ ಚೌಡಮ್ಮನದು. ಆ ಕಲ್ಲಿಗೆ ಬಳಿಯುವ ಕೆಂಪು ಸಿಂಧೂರವನ್ನೇ ಕೆರೆದು ತಂದು, ಹರಳೆಣ್ಣೆ ಮತ್ತು ಯಾವುದೋ ಸೊಪ್ಪಿನ ರಸದಲ್ಲಿ ಕಲಸಿ ಮೊಮ್ಮಗಳ ಎದೆಗೆ ಹಚ್ಚಿದಳು. ಡಬ್ಬಿಗೆ ಹಾಕಿ ಕೊಟ್ಟೂ ಕಳಿಸಿದಳು. ಚೌಡಮ್ಮನ ಸಿಂಧೂರ ಬಿದ್ದರೆ ಎದೆಯ ಭಾರ ಇಳಿಯುತ್ತದೆ ಎಂದು ಅವರ ಮನೆಯ ನಂಬಿಕೆ. ಅಜ್ಜಿ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಆಶಾ ದಿನಾ ಹಚ್ಚಿಕೊಂಡಳು.

ಒಂದು ಸಂಜೆ ಅವಳು ಬಂದು ಬೆಂಚಿನ ಮೇಲೆ ಕೂತಾಗ ನಾನು ಅವಳ ಕೊರಳು ನೋಡಿದೆ. ನರಗಳು ಉಬ್ಬಿಕೊಂಡಿದ್ದವು. ಮುಖವೂ ಚೂರು ಊದಿತ್ತು. ಎದೆಯೊಳಗೆ ಏನಾದರೂ ಒತ್ತುತ್ತಿದ್ದರೆ ಹೀಗಾಗುವುದು ನನಗೆ ಗೊತ್ತು. ಇನ್ನು ನಿನ್ನ ನಾಟಕ ಸಾಕು ಎಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದೆ. ಹೇಮಕ್ಕ ಆ ಹೊತ್ತು ಪಕ್ಕದ ಕೋಣೆಯಲ್ಲಿ ಗರ್ಭಿಣಿಯೊಬ್ಬಳನ್ನು ಅಲ್ಟ್ರಾಸೌಂಡಿಗೆ ಮಲಗಿಸುತ್ತಿದ್ದಳು. ಅವಳ ಪ್ರಶ್ನೆ, ಅವಳ ಒದ್ದೆ ಬಟ್ಟೆ ಎರಡೂ ಇಲ್ಲದೆ ಎಕ್ಸ್‌ರೇ ಮುಗಿಯಿತು.

ಪರದೆಯ ಮೇಲೆ ಚಿತ್ರ ಮೂಡಿತು. ಎದೆಯ ನಡುವೆ ಹೃದಯ ಎಷ್ಟಿರಬೇಕೋ ಅದಕ್ಕಿಂತ ಅಗಲವಾಗಿ, ಮೇಲೆ ಕೊರಳಿನವರೆಗೂ ಬಿಳಿ. ಎರಡೂ ಪಕ್ಕದ ಕಪ್ಪನ್ನು ಒತ್ತಿಕೊಂಡು ನಿಂತಿತ್ತು. ಅಷ್ಟು ಹೊತ್ತಿಗೆ ಹೇಮಕ್ಕ ಬಂದು ಹಿಂದೆ ನಿಂತಿದ್ದಳು. ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಇಷ್ಟು ವರ್ಷ ನೆರಳು ನೋಡಿದ್ದಾಳೆ. ಪರದೆಗೆ ಕಣ್ಣು ನೆಟ್ಟಳು. ಆಮೇಲೆ ಏನೋ ಹೊಳೆದವಳ ಹಾಗೆ ಮಗಳ ಹತ್ತಿರ ಓಡಿ, ಗೌನಿನ ಕೊರಳು ಎಳೆದು ನೋಡಿದಳು. ನೋಡಿ ಜೋರಾಗಿ ನಕ್ಕುಬಿಟ್ಟಳು.

"ಅಯ್ಯೋ ಸುಚಿತ್ರಮ್ಮ, ನಮ್ಮತ್ತೆವ್ವನ ಸಿಂಧೂರ! ಮೈ ತುಂಬ ಬಳ್ಕಂಡಿದಾಳೆ ನೋಡಿ ಈ ಕತ್ತೆ! ಜೀವಾನೇ ಹೋಗಿತ್ತಲ್ಲೇ ನಂದು!"

ಅವಳು ಹೇಳಿದ್ದು ಹುಚ್ಚು ಮಾತಲ್ಲ. ಕೆಲವು ಸಿಂಧೂರದಲ್ಲಿ ಸೀಸ ಬೆರೆತಿರುತ್ತದೆ. ಕಿರಣ ತಾಗದಿರಲಿ ಎಂದು ನಾನು ಮೈಗೆ ಕಟ್ಟಿಕೊಳ್ಳುವ ಏಪ್ರನ್ನಿನ ಒಳಗಿರುವುದೂ ಅದೇ ಸೀಸ. ಅದು ಎದೆ ಮೇಲಿದ್ದರೆ ಪರದೆಯಲ್ಲಿ ಬೆಳ್ಳಗೆ ಕಂಡೇ ಕಾಣುತ್ತದೆ. ನನಗೂ ಆಸೆ ಹುಟ್ಟಿತು. ತೊಳೆದುಕೊಂಡು ಬಾ ಹೋಗು, ಇನ್ನೊಂದು ಸಲ ತೆಗೆಯೋಣ ಎಂದೆ. ಒಳಗೊಳಗೇ ಚೌಡಮ್ಮನಿಗೆ ಹಣ್ಣುಕಾಯಿಯನ್ನೂ ಹೇಳಿಕೊಂಡೆ.

ಹೇಮಕ್ಕ ಮಗಳನ್ನು ಬಾತ್‌ರೂಮಿಗೆ ಕರೆದೊಯ್ದು ಬಿಸಿನೀರು ಹಾಕಿ ತೊಳೆದಳು. ತೊಳೆಯುವಾಗ ಅವಳು ಅತ್ತೆಯನ್ನು ಬೈಯುತ್ತಿದ್ದದ್ದು, ಆಶಾ ಕಿಸಿಕಿಸಿ ನಗುತ್ತಿದ್ದದ್ದು ನನಗೆ ಹೊರಗೆ ಕೇಳುತ್ತಿತ್ತು. ಎರಡನೇ ಸಲ ತೆಗೆದೆ. ಮೊದಲ ಚಿತ್ರದಲ್ಲಿ ಮೇಲೆ ಮೇಲೆ ಚುಕ್ಕೆ ಚುಕ್ಕೆಯಾಗಿ ಚೆಲ್ಲಿದಂತಿದ್ದ ಬಿಳುಪು ಹೋಗಿತ್ತು. ಅದು ಸಿಂಧೂರವೇ. ಆದರೆ ಅದರ ಕೆಳಗಿನ ಆ ದಪ್ಪ ಬಿಳಿ ಇದ್ದಲ್ಲೇ ಇತ್ತು.

ಹೇಮಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

"ನೋಡಿ, ನೋಡಿ ಸುಚಿತ್ರಮ್ಮ, ಅರ್ಧ ಹೋಗಿದೆ! ನಾನು ಹೇಳಿದ್ನಲ್ಲ! ಎಣ್ಣೇಲಿ ಕಲ್ಸಿದ್ದು, ಅಷ್ಟು ಸುಲಭಕ್ಕೆ ಹೋಗಲ್ಲ ಅದು. ಇನ್ನೊಂದ್ಸಲ ತೊಳೆದ್ರೆ ಪೂರ್ತಿ ಹೋಗ್ತದೆ."

ನಾನು ಬಾಯಿ ತೆರೆಯುವುದರೊಳಗೆ ಮಗಳನ್ನು ಎಳೆದುಕೊಂಡು ಹೋಗಿ ಆಗಿತ್ತು. ಈ ಸಲ ಒಳಗಿನಿಂದ ನಗು ಕೇಳಲಿಲ್ಲ. ಉಜ್ಜುವ ಸದ್ದು ಕೇಳಿತು. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು, ಆಮೇಲೆ ಪಾತ್ರೆ ತಿಕ್ಕಲು ಇಟ್ಟಿದ್ದ ತೆಂಗಿನ ನಾರು. "ಅಮ್ಮ, ಉರೀತದೆ... ಅಮ್ಮ, ಸಾಕು" ಎಂಬ ಆಶಾಳ ದನಿ. "ತಡ್ಕ ಮಗಾ, ಒಂಚೂರು ತಡ್ಕ, ಈಗ ಹೋಗ್ತದೆ, ಈಗ ಹೋಗ್ತದೆ." ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಹುಡುಗಿಯ ಎದೆ ಕೆಂಡದ ಹಾಗೆ ಕೆಂಪಾಗಿತ್ತು. ಅದು ಸಿಂಧೂರದ ಕೆಂಪಲ್ಲ. ನಾನು ಹೇಮಕ್ಕನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಸಾಕು ಹೇಮಕ್ಕ! ಚರ್ಮ ಸುಲೀತೀಯಾ ಏನು?"

ಅವಳು ಬಿಡಿಸಿಕೊಳ್ಳಲು ನೋಡಿದಳು. ಆಶಾ ನಮ್ಮಿಬ್ಬರನ್ನೂ ನೋಡುತ್ತ, ಅಮ್ಮನ ಕೈಯಿಂದ ನಾರು ತೆಗೆದು ಮೆಲ್ಲಗೆ ಬಕೆಟ್ಟಿನ ಪಕ್ಕದಲ್ಲಿಟ್ಟಳು.

ಎದುರಿನಿಂದ ಮೂರನೇ ಸಲ ತೆಗೆಯಲು ಡಾಕ್ಟರ್ ವಿನೋದ್ ಒಪ್ಪಲಿಲ್ಲ. ಸುಮ್ಮನೆ ಕಿರಣ ಹಾಯಿಸುವಂತಿಲ್ಲ, ಪಕ್ಕದಿಂದ ತೆಗೆಯಿರಿ ಎಂದರು. ನೆರಳು ಒಂದರ ಮೇಲೊಂದು ಬಿದ್ದಾಗ ಬಿಡಿಸಿ ನೋಡಲು ಇರುವ ದಾರಿ ಅದೇ, ಮನುಷ್ಯನನ್ನು ಅಡ್ಡ ತಿರುಗಿಸುವುದು. ಚರ್ಮದ ಮೇಲಿದ್ದರೆ ಎದೆಯ ಮುಂದಿನ ಅಂಚಿನಲ್ಲಿ ಕಾಣಬೇಕು, ಒಳಗಿದ್ದರೆ ಒಳಗೆ ಕಾಣಬೇಕು. ಆಶಾ ಎರಡೂ ಕೈ ಮೇಲೆತ್ತಿ ಪಕ್ಕಕ್ಕೆ ನಿಂತಳು. ಆ ಬಿಳುಪು ಎದೆಗೂಡಿನ ಮೂಳೆಯ ಹಿಂದೆ, ಒಳಗೇ ಇತ್ತು. ಡಾಕ್ಟರು ಸಿ.ಟಿ. ಮಾಡಿ ಎಂದರು.

ಸಿ.ಟಿ. ಮೇಜಿನ ಮೇಲೆ ಮಲಗಿದ ಆಶಾ ಪಕ್ಕದಲ್ಲಿ ನಿಂತ ಅಮ್ಮನನ್ನು ನಗಿಸಲು ಪ್ರಯತ್ನಪಟ್ಟಳು. "ಅಮ್ಮ, ನಂಗೂ ಒಂದು ಅರಿಶಿನ ಕೊಂಬು ಕಟ್ಟು. ಚೆಂದ ಕಾಣ್ತೀನಿ."

"ಬಿಡ್ತು ಅನ್ನು! ಮದ್ವೆ ಆಗ್ದೆ ಇರೋರು ಹಂಗೆಲ್ಲ ಕಟ್ಕಳಾದಲ್ಲ."

"ಬಿಡ್ತು, ಬಿಡ್ತು" ಎಂದಳು ಆಶಾ, ಬುದ್ಧಿವಂತ ಮಗುವಿನ ಹಾಗೆ.

ನರಕ್ಕೆ ಔಷಧಿ ಹೋದಾಗ ಮೈಯೆಲ್ಲ ಬಿಸಿಯಾಗುತ್ತದೆ, ಹೆದರಬೇಡ ಎಂದು ಹೇಳಿ ನಾವು ಗಾಜಿನ ಈಚೆ ಬಂದೆವು. ಸಿ.ಟಿ. ನಡೆಸುವ ಹುಡುಗಿಯ ಹಿಂದೆ ನಾನು, ನನ್ನ ಪಕ್ಕ ಹೇಮಕ್ಕ. ಪರದೆಯ ಮೇಲೆ ಒಂದೊಂದೇ ಬಿಲ್ಲೆ ಬಂದು ಹೋಗತೊಡಗಿತು. ಕೊರಳು. ಭುಜ. ಎದೆ. ಪ್ರತಿ ಬಿಲ್ಲೆಯ ಸುತ್ತ ತೆಳ್ಳಗೆ ಚರ್ಮದ ಗೆರೆ, ಒಳಗೆ ಪಕ್ಕೆಲುಬು, ಅದರೊಳಗೆ, ಹೃದಯದ ಮೇಲೆ ಒರಗಿಕೊಂಡು, ಮುಷ್ಟಿಗಿಂತ ದೊಡ್ಡ ಗೆಡ್ಡೆ. ಹೇಮಕ್ಕ ಅದರ ಕಡೆ ನೋಡಲೇ ಇಲ್ಲ. ಅವಳ ಬೆರಳು ಹೊರಗಿನ ಗೆರೆಯನ್ನು ಸವರುತ್ತಿತ್ತು.

"ಇದು ಚರ್ಮ ಅಲ್ದಾ?"

"ಹೂಂ ಹೇಮಕ್ಕ."

"ಇದ್ರ ಮೇಲೆ ಎಂತದೂ ಇಲ್ಲ."

"ಇಲ್ಲ."

"ಹಂಗಾದ್ರೆ ನಾನು ಸರಿಯಾಗೇ ತೊಳ್ದಿದೀನಿ" ಎಂದಳು. ಹೇಳಿ ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಹಾಳಾದ್ದು, ನನಗೆ ಅಳು ತಡೆಯಲಾಗಲಿಲ್ಲ.

ಆಮೇಲಿನದನ್ನು ನಾನು ಉದ್ದ ಮಾಡುವುದಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಸೂಜಿ ಹಾಕಿ ಪರೀಕ್ಷೆ ಮಾಡಿದರು, ಔಷಧಿ ಏರಿಸಿದರು, ಕೂದಲು ಉದುರಿತು. ಅಲ್ಲಿಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಗೆಡ್ಡೆ ಕೇಳಲಿಲ್ಲ. ನಡುವೆ ಒಮ್ಮೆ ಆಶಾ ನನಗೆ ಫೋನ್ ಮಾಡಿ, "ಅಕ್ಕಾಂಟಿ, ನನ್ನ ಮೊದಲ್ನೇ ಎಕ್ಸ್‌ರೇ ಮೊಬೈಲಿಗೆ ಕಳ್ಸಿ" ಎಂದಳು. ಯಾಕೆ ಎಂದು ಕೇಳದೆ ಕಳಿಸಿದೆ. ಸ್ವಲ್ಪ ದಿನ ಬಿಟ್ಟು ನಾನು ಅವಳನ್ನು ನೋಡಲು ಅವರ ಕೋಣೆಗೆ ಹೋದಾಗ ಹೇಮಕ್ಕ ನನ್ನ ಮುಂದೆ ಮೊಬೈಲು ಹಿಡಿದಳು. "ನೋಡಿ ಸುಚಿತ್ರಮ್ಮ, ಹೊಸ ಎಕ್ಸ್‌ರೇ. ಬಿಳಿ ಎಲ್ಲಾ ಹೋಗಿದೆಯಂತೆ. ಆಶಾ ತೋರ್ಸಿದ್ಲು."

ನೋಡಿದೆ. ಸ್ಟುಡಿಯೋದವಳ ಕೈಚಳಕ. ಮೊಡವೆ ಅಳಿಸುವ ಹಾಗೆ ಬಿಳಿಯನ್ನೆಲ್ಲ ನೀಟಾಗಿ ಅಳಿಸಿ ಕಪ್ಪು ತುಂಬಿದ್ದಳು. ಆದರೆ ಗೆಡ್ಡೆ ಎಲ್ಲಿ ಮುಗಿಯುತ್ತದೆ, ಹೃದಯ ಎಲ್ಲಿ ಶುರುವಾಗುತ್ತದೆ ಎಂದು ಪಾಪ ಅವಳಿಗೆ ಹೇಗೆ ಗೊತ್ತಾಗಬೇಕು? ಎರಡನ್ನೂ ಅಳಿಸಿಬಿಟ್ಟಿದ್ದಳು. ಚಿತ್ರದಲ್ಲಿ ಹೃದಯವೇ ಇರಲಿಲ್ಲ. ಹಾಸಿಗೆಯ ಮೇಲಿಂದ ಆಶಾ ನನ್ನನ್ನೇ ನೋಡುತ್ತಿದ್ದಳು, ಹೇಳಬೇಡಿ ಎನ್ನುವ ಹಾಗೆ. "ಹೌದಲ್ಲೇ, ಎಷ್ಟು ಕ್ಲೀನಾಗಿದೆ!" ಎಂದೆ. ಹೇಮಕ್ಕ ಬಾಗಿಲವರೆಗೆ ಬಂದು ನನ್ನ ಕೈ ಒತ್ತಿದಳು. "ಹೃದಯಾನೂ ಅಳಿಸಿದಾಳೆ ಅಲ್ದಾ? ನಾನು ಕಂಡೆ. ಹೇಳ್ಬೇಡಿ ಅವ್ಳಿಗೆ. ನಂಗೆ ಸಮಾಧಾನ ಆಯ್ತು ಅಂತ ಖುಷಿಯಾಗಿದಾಳೆ." ತಾಯಿಗೆ ಮಗಳು ಸುಳ್ಳು, ಮಗಳಿಗೆ ತಾಯಿ ಸುಳ್ಳು, ನಡುವೆ ನಾನು. ದಾರಿಯುದ್ದಕ್ಕೂ ಅಳುತ್ತ ಮನೆಗೆ ಹೋದೆ.

ಮುಂಗಾರು ಹಿಡಿಯುವ ಮೊದಲೇ ಆಶಾ ಹೋದಳು. ದೇಹವನ್ನು ಬ್ಯಾಕೋಡಿಗೆ ಆಂಬುಲೆನ್ಸಿನಲ್ಲಿ ಒಯ್ದರು. ಹಿನ್ನೀರಿಗೆ ಸೇತುವೆ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಹೇಮಕ್ಕನ ಪಕ್ಕ ಕೂತಿದ್ದೆ. ಸೇತುವೆ ಮೇಲೆ ಗಾಡಿ ಸರ್ರನೆ ಹೋಯಿತು. "ಇವ್ಳನ್ನ ಹೆರೋಕೆ ಬರೋವಾಗ ಲಾಂಚಿಗೆ ಕಾದು ಕಾದು ದಡದಾಗೇ ಹೆತ್ತೇನೇನೋ ಅಂದ್ಕಂಡಿದ್ದೆ" ಎಂದಳು. "ಈಗ ನೋಡಿ, ಒಂದು ಗಳಿಗೆನೂ ಕಾಯಿಸ್ಲಿಲ್ಲ."

ಮನೆಯ ಅಂಗಳದಲ್ಲಿ ಕೆರಿಯಮ್ಮ ಕಂಬ ಹಿಡಿದು ಕೂತಿದ್ದಳು. ಆ ಮುದುಕಿಗೆ ಹೇಳಬೇಕೆಂದು ನಾನು ಎಷ್ಟೋ ದಿನದಿಂದ ಮಾತು ಮಸೆದುಕೊಂಡಿದ್ದೆ. ನೀನು ಹಚ್ಚುತ್ತ ಕೂತದ್ದರಿಂದ ಎಷ್ಟು ದಿನ ಹಾಳಾಯಿತು ಗೊತ್ತಾ ಎಂದು ಕೇಳಬೇಕೆಂದಿದ್ದೆ. ಅವಳು ನನ್ನ ಸೆರಗು ಹಿಡಿದಳು. "ನನ್ನ ಮದ್ದಿಂದ ಹಿಂಗಾಯ್ತೇನೇ ತಂಗಿ?" ಎಂದಳು. ಆ ಮುಖ ನೋಡಿ ಅವಳ ಪಕ್ಕದಲ್ಲೇ ಕೂತೆ. "ಇಲ್ಲಜ್ಜಿ. ನಿನ್ನ ಮದ್ದು ತೊಳೆದ ಕೂಡಲೇ ಹೋಯ್ತು. ಒಳಗಿದ್ದದ್ದು ಬೇರೆ" ಎಂದೆ.

ಹೇಮಕ್ಕ ಮತ್ತೆ ಕೆಲಸಕ್ಕೆ ಬರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಬಂದಳು. ಬಿಸ್ಕೆಟ್ ಡಬ್ಬಿ ತೆಗೆದು ಹುಳ ಬಿದ್ದ ಕೊಂಬುಗಳನ್ನು ಆರಿಸಿ ಎಸೆದಳು, ಹೊಸ ದಾರ ಕಟ್ಟಿದಳು. ನೆರಳು, ಲಾಂಚು, ಬಾಳೆದಿಂಡು ಎಂದು ಯಾರಿಗೂ ಹೇಳುವುದಿಲ್ಲ ಈಗ. ಕೇಳುವುದು ಒಂದೇ ಮಾತು: "ಮೈ ಮೇಲೆ ಎಂತಾದ್ರೂ ಹಚ್ಚಿದೀರಾ?" ಹಚ್ಚಿಲ್ಲ ಎಂದರೂ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ. ತಡವಾಗುತ್ತದೆ. ಸಾಲಿನಲ್ಲಿ ಗೊಣಗುತ್ತಾರೆ. ಗೊಣಗಿದವರಿಗೆ ನನ್ನ ಬಾಯಿ ಇದ್ದೇ ಇದೆ.

ಮೊನ್ನೆ ಮೇಗರವಳ್ಳಿಯಿಂದ ಮಾಸ್ತಮ್ಮ ಎಂಬ ಹೆಂಗಸು ಮಗಳು ಕವನಾಳನ್ನು ಕರೆತಂದಳು. ಸಾಗರದ ಹತ್ತಿರದ ಊರಿಗೆ ಕೊಟ್ಟ ಹುಡುಗಿ, ವರ್ಷದ ಹಿಂದೆ ಮದುವೆ. ಜ್ವರ, ಕೆಮ್ಮು, ಎದೆನೋವು. ಹೇಮಕ್ಕ ಊಟಕ್ಕೆ ಕೂತಿದ್ದಳು. ಚೀಟಿಯಲ್ಲಿ ತುರ್ತು ಎಂದು ಬರೆದಿತ್ತು, ನಾನೇ ಅರಿಶಿನ ಕೊಂಬು ಕಟ್ಟಿ, ತಾಳಿ ತೆಗೆಸಿ, ಹೇಮಕ್ಕನ ಪ್ರಶ್ನೆ ಕೇಳುವುದನ್ನು ಮರೆತು ನಿಲ್ಲಿಸಿ ಎಕ್ಸ್‌ರೇ ತೆಗೆದೆ. ಎದೆಯ ನಡುವೆ ಬಿಳಿ. ತಿರುಗಿ ನೋಡುತ್ತೇನೆ, ಹೇಮಕ್ಕ ಎಂಜಲು ಕೈಯಲ್ಲೇ ಬಾಗಿಲಲ್ಲಿ ನಿಂತು ಪರದೆ ನೋಡುತ್ತಿದ್ದಾಳೆ.

ಗೌನು ಸರಿಸಿ ನೋಡಿದರೆ ಹುಡುಗಿಯ ಎದೆ ಮೇಲೆ ಕೆಂಪು ಲೇಪವಿತ್ತು. "ಊರಿನ ದೇವ್ರ ಸಿಂಧೂರ, ನಾನೇ ಹಚ್ಚಿದ್ದು" ಎಂದಳು ಮಾಸ್ತಮ್ಮ. "ತಪ್ಪಾಯ್ತಾ?"

ಹೇಮಕ್ಕ ಕೈ ತೊಳೆದು ಬಂದಳು. ಬೇಸಿನ್ನಿನಲ್ಲಿ ಬಿಸಿನೀರು ತಂದಳು. ಆ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹಸುಗೂಸಿಗೆ ಎರೆಯುವ ಹಾಗೆ ಮೆಲ್ಲಗೆ, ಮೆತ್ತಗಿನ ಬಟ್ಟೆಯಲ್ಲಿ ತೊಳೆದಳು. ಉಜ್ಜಲಿಲ್ಲ. ಒಂದೇ ಸಲ. ನಾನು ಮತ್ತೆ ಎಕ್ಸ್‌ರೇ ತೆಗೆದೆ.

ಚಿತ್ರ ಮೂಡಿತು. ಎರಡು ಪಕ್ಕ ಕಪ್ಪು, ನಡುವೆ ಎಷ್ಟಿರಬೇಕೋ ಅಷ್ಟೇ ದೊಡ್ಡ ಹೃದಯ. ಬಲಗಡೆ ಕೆಳಗೆ ಸ್ವಲ್ಪ ಕಫ ಕಟ್ಟಿತ್ತು. ಮಾತ್ರೆಗೆ ಹೋಗುವಂಥದ್ದು ಎಂದರು ಡಾಕ್ಟರು. ಮಾಸ್ತಮ್ಮ ಹೇಮಕ್ಕನ ಎರಡೂ ಕೈ ಕಣ್ಣಿಗೊತ್ತಿಕೊಂಡು, "ನಿಮ್ಮ ಮಕ್ಳು ಮರಿ ತಣ್ಣಗಿರ್ಲಿ ತಾಯಿ" ಎಂದಳು. ಹೇಮಕ್ಕ ತಲೆಯಾಡಿಸಿದಳು. ಕವನಾಳ ಕೊರಳಿಂದ ಅರಿಶಿನ ಕೊಂಬು ಬಿಚ್ಚಿ, ತಾಳಿ ಹಾಕಿ, ಸೆರಗು ಸರಿಮಾಡಿ, ಬಾಗಿಲವರೆಗೂ ಹೋಗಿ ಕಳಿಸಿ ಬಂದಳು.

ಬಂದು ಬೇಸಿನ್ನಿನ ಮುಂದೆ ನಿಂತಳು. ನೀರು ಕೆಂಪಗಿತ್ತು. ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿದಳು, ಮತ್ತೆ ಅದ್ದಿದಳು.

"ಒಂದೇ ಸಲಕ್ಕೆ ಹೋಯ್ತು ಸುಚಿತ್ರಮ್ಮ."

"ಹೂಂ ಹೇಮಕ್ಕ."

"ಅವತ್ತು ಅರ್ಧ ಹೋಗಿತ್ತು. ನೀವು ನನ್ನ ಕೈ ಹಿಡ್ಕಂಡ್ರಿ." ಅವಳು ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ ಆ ಮುಖದಲ್ಲಿ. "ಬಿಟ್ಟಿದ್ರೆ... ಇನ್ನೊಂದೇ ಒಂದ್ಸಲ ತೊಳ್ದಿದ್ರೆ, ಹೋಗ್ತಿತ್ತೇನೋ, ಅಲ್ದಾ?"

ಅವಳಿಗೆ ಎಲ್ಲ ಗೊತ್ತು. ಬಿಲ್ಲೆ ಬಿಲ್ಲೆಯಾಗಿ ಅವಳೇ ನೋಡಿದ್ದಾಳೆ, ಚರ್ಮದ ಗೆರೆಯ ಮೇಲೆ ಅವಳೇ ಬೆರಳಾಡಿಸಿದ್ದಾಳೆ. ಆದರೂ ಕೇಳಿದಳು. ಅವಳ ಒದ್ದೆ ಕೈಗಳನ್ನು ಹಿಡಿದುಕೊಳ್ಳಬೇಕೆನಿಸಿತು. ಅವತ್ತು ಹಿಡಿದದ್ದು ನೆನಪಾಗಿ ಹಿಡಿಯಲಿಲ್ಲ. ಬೇಸಿನ್ ಎತ್ತಿಕೊಂಡು ಹೋಗಿ ಆ ಕೆಂಪು ನೀರನ್ನು ನಾನೇ ಚೆಲ್ಲಿ ಬಂದೆ.